ನಾನೂರು ಕೊಳವೆಗಳು

"ಗುರುಗಳೇ, ಆಸ್ಪತ್ರೆಗೆಂದು ಬರೆದ ನನ್ನ ತಂತ್ರಾಂಶಕ್ಕೆ, ಒಂದೊಂದು ತುಣುಕನ್ನು ಬಿಡಿಯಾಗಿ ನೋಡುವ ಸಾವಿರ ಸಣ್ಣ ಪರೀಕ್ಷೆಗಳಿವೆ. ಕಂಪ್ಯೂಟರ್ ತಾನೇ ಓಡಿಸುತ್ತದೆ, ಎಲ್ಲವೂ ಪಾಸಾಗುತ್ತವೆ. ಆದರೂ ನಿನ್ನೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಚೀಟಿಯೇ ಬರಲಿಲ್ಲ. ಸಣ್ಣವನ್ನೆಲ್ಲ ಅಳಿಸಿ, ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡುವ ದೊಡ್ಡ ಪರೀಕ್ಷೆಗಳನ್ನೇ ಇಟ್ಟುಕೊಳ್ಳಲೇ?" ಎಂದು ಭಾರ್ಗವಿ ಕೇಳಿದಳು.

ಗುರುಗಳು ನಕ್ಕರು. "ಸಿಟ್ಟಿನಲ್ಲಿ ಅಳಿಸುವುದು ಸುಲಭ. ಒಬ್ಬ ಕುಂಬಾರನೂ ಹೀಗೇ ಮಾಡಿದ, ಕೇಳು" ಎಂದರು.

ಒಬ್ಬ ಕುಂಬಾರನಿದ್ದ. ಮುದಿ ತಾಯಿ ದಿನವೂ ಕೊಡ ಹೊತ್ತು ಬೆಟ್ಟದ ಒರತೆಗೆ ಹೋಗುವುದನ್ನು ಅವನಿಂದ ನೋಡಲಾಗಲಿಲ್ಲ. ಮನೆ ಬಾಗಿಲಿಗೇ ನೀರು ತರುತ್ತೇನೆಂದು ಮಾತು ಕೊಟ್ಟ. ಮಣ್ಣಿನ ನಾನೂರು ಕೊಳವೆ ಮಾಡಿ ಸುಟ್ಟ. ಮಡಕೆಯನ್ನು ತಟ್ಟಿ ನೋಡುವಂತೆ ಒಂದೊಂದನ್ನೂ ಬೆರಳಿನಿಂದ ತಟ್ಟಿದ. ನಾನೂರೂ ಠಣ್ಣೆಂದವು, ಎಲ್ಲೂ ಬಿರುಕಿಲ್ಲ. ಜೋಡಿಸಿ, ಹೂತು, ಒರತೆಯ ನೀರನ್ನು ಅವುಗಳೊಳಕ್ಕೆ ಬಿಟ್ಟ. ಕೆಳಗೆ ಒಂದು ಹನಿಯೂ ಬರಲಿಲ್ಲ.

ಎಲ್ಲವನ್ನೂ ಅಗೆದ. ಒಂದು ಕೊಳವೆಯೂ ಬಿರುಕು ಬಿಟ್ಟಿರಲಿಲ್ಲ. ಒಂದರ ಬಾಯಿಗೆ ಇನ್ನೊಂದರ ಬಾಲ ಸರಿಯಾಗಿ ಕೂತಿರಲಿಲ್ಲ, ಅಷ್ಟೇ. ತಟ್ಟಿ ನೋಡಿ ಏನು ಬಂತೆಂದು ಅವನಿಗೆ ರೇಗಿತು. ಅಗೆಯುವಾಗ ಒಡೆದವುಗಳ ಬದಲಿಗೆ ಹೊಸವನ್ನು ಸುಟ್ಟ, ತಟ್ಟಲಿಲ್ಲ. ಸಂದುಗಳಿಗೆ ಗಾರೆ ಮೆತ್ತಿ ಹೂತು, ನೇರವಾಗಿ ಒರತೆ ಬಿಟ್ಟ. ಈ ಸಲವೂ ನೀರಿಲ್ಲ. ಒಂಬತ್ತು ದಿನ ಅಗೆದ ಮೇಲೆ ಸಿಕ್ಕಿದ್ದು ಒಂದು ಸೀಳಿದ ಕೊಳವೆ. ಒಮ್ಮೆ ತಟ್ಟಿದ್ದರೆ ಅದೇ ಹೇಳುತ್ತಿತ್ತು. ಅದನ್ನು ಬದಲಿಸಿ ಮುಚ್ಚಿದ. ಮತ್ತೆ ನೀರು ಬರಲಿಲ್ಲ; ಈ ಸಲ ಎಲ್ಲಿ ಕೆಟ್ಟಿದೆಯೋ ಗೊತ್ತಾಗಲಿಲ್ಲ. ಪಾಪ, ಗುದ್ದಲಿಯ ಪಕ್ಕದಲ್ಲೇ ಕೂತು ಅತ್ತುಬಿಟ್ಟ.

ತಾಯಿ ಬಂದು ಹೇಳಿದಳು: "ನೀರು ಬರ್ಲಿಲ್ಲ ಅಂತ ಹೇಳೋಕೆ ನನ್ನ ಖಾಲಿ ಕೊಡವೇ ಸಾಕಲ್ಲೋ ಮಗನೇ. ಎಲ್ಲಿ ನಿಂತೋಯ್ತು ಅಂತ ಹೇಳೋರು ಯಾರು?"

ಕುಂಬಾರ ಕಣ್ಣೊರೆಸಿಕೊಂಡು ಎಲ್ಲವನ್ನೂ ಹೊರತೆಗೆದ. ಪ್ರತಿ ಕೊಳವೆಯನ್ನೂ ತಟ್ಟಿದ. ಹತ್ತು ಹತ್ತನ್ನು ಜೋಡಿಸಿ, ಮಣ್ಣು ಮುಚ್ಚುವ ಮೊದಲೇ ಒಂದು ಬಿಂದಿಗೆ ನೀರು ಹುಯ್ದು ಸಂದುಗಳನ್ನು ನೋಡಿದ. ಕೊನೆಗೆ ಒಂದೇ ಒಂದು ಸಲ ಒರತೆ ಬಿಟ್ಟ. ಆ ಸಂಜೆ ತಾಯಿಯ ಕೊಡ ಬಾಗಿಲಲ್ಲೇ ತುಂಬಿತು.

ಭಾರ್ಗವಿಯ ಕುತೂಹಲ ಇನ್ನೂ ತಣಿದಿರಲಿಲ್ಲ. "ಹಾಗಾದರೆ ಸಣ್ಣವು ಎಷ್ಟು, ನಡುವಿನವು ಎಷ್ಟು, ದೊಡ್ಡವು ಎಷ್ಟಿರಬೇಕು? ಲೆಕ್ಕ ಹೇಳಿ" ಎಂದು ಪುಸ್ತಕ ತೆರೆದಳು.

ಗುರುಗಳು ಹೇಳಿದರು: "ನೀರು ಬಾರದ ದಿನ ನೀನು ಎಷ್ಟು ದೂರ ಅಗೆಯಬಲ್ಲೆ, ಅದನ್ನು ಮೊದಲು ಬರೆ."

ಭಾರ್ಗವಿ ಹಾಳೆಯ ಮೇಲ್ತುದಿಯಲ್ಲಿ "ನಿನ್ನೆಯ ಚೀಟಿ: ಎಲ್ಲಿ ನಿಂತಿತೆಂದು ಹುಡುಕಲು ಎಷ್ಟು ಹೊತ್ತು?" ಎಂದು ಬರೆದಳು.