ಎತ್ತಿಟ್ಟ ಗುಂಡುಗಳು

ಇದನ್ನು ನನಗೆ ಮೊದಲು ಹೇಳಿದವರು ನಾಚಪ್ಪ ಮೇಷ್ಟ್ರು. ಕಾಲೇಜಿನಲ್ಲಿ ನಮಗೆ ಗುರಿ ಹೊಡೆಯುವುದನ್ನು ಕಲಿಸಿದವರು. ಇಪ್ಪತ್ತು ವರ್ಷಗಳ ನಂತರ ಸಿಕ್ಕಾಗ ನಾನು ಕೇಳಿದೆ:

“ಮೇಷ್ಟ್ರೇ, ಸಂಜೆಯ ಹೊತ್ತಿಗೆ ನನ್ನಲ್ಲಿ ಏನೂ ಮಿಕ್ಕಿರುವುದಿಲ್ಲ. ಮನೆಯವರಿಗೆ ಸಿಗುವುದು ಬರೀ ಸಿಡುಕು. ಒಳ್ಳೆಯ ಮಾತನ್ನು ಹಬ್ಬಹರಿದಿನಕ್ಕೆ ಎತ್ತಿಟ್ಟುಕೊಂಡರೆ ಸಾಲದೇ?”

ಮೇಷ್ಟ್ರು ಹೇಳಿದರು:

ಒಬ್ಬ ಗುರಿಕಾರನಿದ್ದ. ಅವನ ಕಣ್ಣಿಗೆ ಪೊರೆ ಬರತೊಡಗಿತ್ತು. ಆ ವರ್ಷದ ಸ್ಪರ್ಧೆಯೇ ತನ್ನ ಕೊನೆಯದೆಂದು ಅವನಿಗೆ ಗೊತ್ತಿತ್ತು. ಒಮ್ಮೆಯೂ ಗೆದ್ದಿರಲಿಲ್ಲ.

ಅವನು ತಾನೇ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ರಿವಾಲ್ವರಿಗೆ ಗುಂಡು ಮಾಡಿಕೊಳ್ಳುತ್ತಿದ್ದ. ಒಂದೊಂದನ್ನೂ ತೂಗುತ್ತಿದ್ದ. ಸರಿಯಾಗಿದ್ದುದಕ್ಕೆ ಪೂರ್ತಿ ಮದ್ದು ತುಂಬಿ ಸ್ಪರ್ಧೆಗೆಂದು ಡಬ್ಬಿಯಲ್ಲಿಡುತ್ತಿದ್ದ. ಒಳಗೆ ಗಾಳಿಗುಳ್ಳೆ ಕೂತು ಹಗುರಾದವಕ್ಕೆ ಅರೆಬರೆ ಮದ್ದು ಹಾಕಿ ದಿನದ ಅಭ್ಯಾಸಕ್ಕೆ ಬಳಸುತ್ತಿದ್ದ.

ಹೆಂಡತಿ ಹೇಳಿದಳು: “ಡಬ್ಬಿಯಲ್ಲಿರುವುದನ್ನೂ ನಾಲ್ಕು ಹೊಡೆದು ನೋಡಬಾರದೇ?”

“ಮದುವೆ ಸೀರೆ ಉಟ್ಟುಕೊಂಡು ನೀನು ಸೆಗಣಿ ಬಾಚುತ್ತೀಯೇನೇ?”

“ಉಡದೆ ಪೆಟ್ಟಿಗೆಯಲ್ಲೇ ಪಿಸಿದುಹೋಯಿತಲ್ಲ, ಆ ಸೀರೆಯೇ?”

ಅವನು ಕೇಳಿಸಿಕೊಳ್ಳಲಿಲ್ಲ. ಹಗುರ ಗುಂಡುಗಳು ಗುರಿಹಲಗೆಯ ಕಪ್ಪು ವೃತ್ತಕ್ಕಿಂತ ಕೆಳಗೆ ಬೀಳುತ್ತಿದ್ದವು. ಗುಂಡು ಇನ್ನಷ್ಟು ಮೇಲಕ್ಕೆ ಹೋಗಲೆಂದು ನಳಿಗೆಯ ತುದಿಯ ಗುರಿಮೊನೆಯನ್ನು ಅರದಿಂದ ಉಜ್ಜಿ ಉಜ್ಜಿ ತಗ್ಗಿಸಿದ. ಕೊನೆಗೆ ಅವು ಹೆಚ್ಚುಕಡಿಮೆ ವೃತ್ತದೊಳಗೇ ಬೀಳತೊಡಗಿದವು. ಕೈಯೂ ಅದಕ್ಕೇ ಒಗ್ಗಿತು.

ಸ್ಪರ್ಧೆಯ ದಿನ ಡಬ್ಬಿ ತೆರೆದ. ಆರು ಗುಂಡು ಹೊಡೆದ. ಮೊದಲನೆಯದು ಎಲ್ಲಿ ಬಿತ್ತೆಂದು ನೋಡಲು ಕಣ್ಣು ಸಾಲಲಿಲ್ಲ.

ತೀರ್ಪುಗಾರ ಹಲಗೆಯ ಮುಂದೆ ಬಹಳ ಹೊತ್ತು ನಿಂತ. “ಆರೂ ಒಂದು ರೂಪಾಯಿ ನಾಣ್ಯದಡಿ ಅಡಗುತ್ತವೆ. ಇಂಥದ್ದನ್ನು ನಾನು ಕಂಡಿಲ್ಲ. ಆದರೆ ಅಣ್ಣಾ, ಕಪ್ಪು ವೃತ್ತ ನಾಲ್ಕು ಬೆರಳು ಕೆಳಗಿದೆ.”

ಗುರಿಕಾರ ರಿವಾಲ್ವರನ್ನು ಒರೆಸಿ ಚೀಲಕ್ಕೆ ಹಾಕಿಕೊಂಡ.

ಮೇಷ್ಟ್ರು ಇಷ್ಟಕ್ಕೇ ನಿಲ್ಲಿಸಿದರು. ನಾನು, “ಪಾಪ, ಗುಂಡು ಚೆನ್ನಾಗಿಯೇ ಇತ್ತಲ್ಲ” ಎಂದೆ.

“ಇತ್ತಮ್ಮ, ವರ್ಷವಿಡೀ ಅವನು ಕೈಗೆ ಕಲಿಸಿದ್ದು ಮಾತ್ರ ಕಳಪೆಯದರ ದಾರಿಯನ್ನು.”



ಓದುತ್ತಿರುವ ನೀವೂ ದಣಿದಿರುತ್ತೀರಿ, ಬಲ್ಲೆ. ಆದರೂ ಇದನ್ನು ಇನ್ನೊಬ್ಬರಿಗೆ ಹೇಳಿ, ಹಬ್ಬದವರೆಗೆ ಕಾಯಬೇಡಿ.