ಬೀಗ ತೆಗೆಸಿದ ನೇಕಾರ

"ಬುದ್ಧಿ, ನಮ್ಮ ಪರವಾಗಿ ಮಾತಾಡಲು ಓದಿದವರು ಇರುವಾಗ, ನಾಲ್ಕು ಜನರ ಮುಂದೆ ಮಾತೇ ಹೊರಡದ ನಾನೇಕೆ ಚುನಾವಣೆಗೆ ನಿಲ್ಲಬೇಕು?" ಎಂದು ಶಿಷ್ಯ ಸೋಮಲಿಂಗ ಕೇಳಿದ. ಅವನು ಬೀಡಿ ಕಟ್ಟುವವನು. ಊರಿನ ಬೀಡಿ ಕೆಲಸಗಾರರೆಲ್ಲ ಸೇರಿ, ಈ ಸಲ ಪುರಸಭೆಗೆ ನೀನೇ ನಿಲ್ಲು ಎಂದು ಅವನ ಬೆನ್ನು ಹತ್ತಿದ್ದರು.

"ಅಯ್ಯೋ ಮಹರಾಯ, ಇಷ್ಟಕ್ಕೇ ಮುಖ ಬಾಡಿಸಿಕೊಂಡೆಯಾ? ಕೂತುಕೋ, ಕೇಳು" ಎಂದು ಗುರುಗಳು ಕತೆ ಶುರುಮಾಡಿದರು.

ಕಡಲಾಚೆಯ ದೇಶ. ನೂರೈವತ್ತು ವರ್ಷದ ಹಿಂದಿನ ಮಾತು. ಒಂದು ಊರಿನಲ್ಲಿ ಒಂದು ಬಟ್ಟೆ ಗಿರಣಿ ಇತ್ತು. ಕೆಲಸಗಾರರು ಹೊತ್ತಿಗೆ ಮುಂಚೆ ಎದ್ದು ಹೋಗಬಾರದೆಂದು ಯಜಮಾನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸುತ್ತಿದ್ದ. ಒಂದು ದಿನ ಒಳಗೆ ಹತ್ತಿಗೆ ಕಿಡಿ ತಗುಲಿತು. ಬೀಗದ ಕೈ ಬರುವಷ್ಟರಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಲ್ಲೇ ದುಡಿಯುವ ಒಬ್ಬ ನೇಕಾರನ ಹೆಂಡತಿಯ ಕೈ ಸುಟ್ಟಿತು. ಗಾಯ ಮಾಯುವ ಮೊದಲೇ ಅವಳು ಮತ್ತೆ ಅದೇ ಬಾಗಿಲೊಳಗೆ ಹೋದಳು. ಅದೇ ಬೀಗ ಬಿತ್ತು. ಅಂದಿನಿಂದ ನೇಕಾರನಿಗೆ ನಿದ್ದೆ ಹತ್ತಲಿಲ್ಲ.

ಊರಸಭೆಯಲ್ಲಿ ಕೆಲಸಗಾರರ ಪರವಾಗಿ ಒಬ್ಬ ವಕೀಲ ಇದ್ದ. ಒಳ್ಳೆಯವನೇ, ಬೈಯುವಂತಿಲ್ಲ. ಕೇಳಿದಾಗಲೆಲ್ಲ ಬೆನ್ನು ತಟ್ಟಿ, "ಸ್ವಲ್ಪ ತಾಳಿ, ಸಮಯ ನೋಡಿ ಹೇಳುತ್ತೇನೆ" ಎನ್ನುತ್ತಿದ್ದ. ಆ ಸಮಯ ಬರಲೇ ಇಲ್ಲ. ಜನ ಬೇಸತ್ತು ಮುಂದಿನ ಚುನಾವಣೆಯಲ್ಲಿ ನೇಕಾರನನ್ನೇ ಗೆಲ್ಲಿಸಿ ಕಳಿಸಿದರು.

ಗಿರಣಿಯವರ ಒಂದು ರೂಢಿ ನಿನಗೆ ಗೊತ್ತಿರಬೇಕು. ಮಗ್ಗಗಳ ಸದ್ದಿನಲ್ಲಿ ಎಷ್ಟು ಅರಚಿದರೂ ಕೇಳಿಸದು. ಅದಕ್ಕೇ ಅಲ್ಲಿಯವರು ದನಿ ತೆಗೆಯದೆ ಬರೀ ತುಟಿಯಾಡಿಸಿ ಮಾತಾಡುತ್ತಿದ್ದರು. ಎದುರಿನವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಜಗಳ, ತಮಾಷೆ, ಮದುವೆ ಮಾತುಕತೆ, ಎಲ್ಲ ಹಾಗೆಯೇ ನಡೆಯುತ್ತಿತ್ತು.

ನೇಕಾರ ಸಭೆಯಲ್ಲಿ ಎದ್ದು ನಿಂತ. ಗಿರಣಿಯ ಯಜಮಾನನೂ ಸದಸ್ಯನೇ, ಎದುರಿಗೇ ಕೂತಿದ್ದ. ಅವನನ್ನು ನೋಡಿದ ಗಾಬರಿಯಲ್ಲಿ ನೇಕಾರ ಮಗ್ಗದ ಮುಂದೆ ನಿಂತು ಮಾತಾಡುವಂತೆಯೇ ಮಾತಾಡಿಬಿಟ್ಟ. ತುಟಿ ಆಡಿತು, ದನಿ ಹೊರಡಲಿಲ್ಲ. ಸಭೆಯವರು ಬಿದ್ದು ಬಿದ್ದು ನಕ್ಕರು. ಎಲ್ಲ ತನ್ನಿಂದಲೇ ಕೆಟ್ಟಿತೆಂದು ಅವನ ಕಣ್ಣಲ್ಲಿ ನೀರಾಡಿತು. ಆದರೂ ತುಟಿ ನಿಲ್ಲಲಿಲ್ಲ.

ಸಭೆ ನೋಡಲು ಬಂದ ಕೆಲಸಗಾರರು ಎದುರಿನ ಅಟ್ಟಣಿಗೆಯಲ್ಲಿ ಕೂತಿದ್ದರು. ಅವರಿಗೆ ಒಂದೊಂದು ಮಾತೂ ತಿಳಿಯುತ್ತಿತ್ತು. ಅವನ ಹೆಂಡತಿ ತಟ್ಟನೆ ಎದ್ದು, ಅವನು ಆಡಿದ್ದನ್ನೇ ಗಟ್ಟಿಯಾಗಿ ಹೇಳಿದಳು: "ಒಳಗೆ ನಮ್ಮವರಿದ್ದಾರೆ, ಬೀಗ ತೆಗೆಸಿ!" ಪಕ್ಕದವನೂ ಎದ್ದ. ಆಮೇಲೆ ಇಡೀ ಅಟ್ಟಣಿಗೆಯೇ ಎದ್ದಿತು. ಅವನು ತುಟಿಯಾಡಿಸಿದ, ಅವರು ಕೂಗಿದರು. ಸಭೆಯವರ ನಗು ಅಡಗಿತು. ಇನ್ನು ಬೀಗ ಹಾಕಕೂಡದೆಂದು ಸಭೆ ಅಂದೇ ತೀರ್ಮಾನಿಸಿತು.

ಮರುದಿನದಿಂದ ಗಿರಣಿಯ ಬಾಗಿಲು ತೆರೆದೇ ಇತ್ತು. ಹೆಂಡತಿ ಒಳಗೆ ಹೋಗುವುದನ್ನು ನೋಡಿ ನೇಕಾರ ಅಬ್ಬಾ ಎಂದು ಉಸಿರು ಬಿಟ್ಟ. ಅಟ್ಟಣಿಗೆಯಲ್ಲಿ ಎದ್ದು ನಿಂತವರು ಆ ವಾರವೇ ಒಂದು ಕಡೆ ಸೇರಿ, ತಮ್ಮದು ದುಡಿಯುವವರ ಪಕ್ಷ ಎಂದು ಹೆಸರಿಟ್ಟುಕೊಂಡರು.

ಸೋಮಲಿಂಗನ ಮುಖ ಅರಳಿತು. ಆದರೂ ಕೇಳಿದ: "ನನ್ನ ಮಾತೂ ಹಾಗೆಯೇ ನಿಂತುಹೋದರೆ, ಬುದ್ಧಿ?"

"ನಿನ್ನ ಮಾತು ನಿಂತರೆ ಮುಂದಕ್ಕೆ ಆಡಲು ನಿನ್ನವರಿದ್ದಾರೆ, ಆ ವಕೀಲನಂತೆ ಓದಿದವನು ಸುಮ್ಮನಾದರೆ ಅವನ ಮಾತು ಎತ್ತಲು ಯಾರಿದ್ದಾರೋ?" ಎಂದರು ಗುರುಗಳು.

ಸೋಮಲಿಂಗ ಗುರುಗಳ ಕಾಲಿಗೆರಗಿ, ಚುನಾವಣೆಗೆ ಹೆಸರು ಕೊಡಲು ಹೊರಟ.