ಕಾಗೆಯ ಹೆಸರಿನ ಸ್ಕೂಟರ್

ಕೋಗಿಲೆಯೊಂದು ಕಾಗೆಯಿಂದ ಹಳೇ ಸ್ಕೂಟರ್ ಕೊಂಡುಕೊಂಡಿತು. ಚಕ್ರದಡಿ ನಿಂಬೆಹಣ್ಣು ಇಟ್ಟು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿ, ಪೂಜೆಯನ್ನೂ ಜೋರಾಗಿಯೇ ಮಾಡಿಸಿತು.

“ಆರ್‌ಟಿಓ ಕಚೇರಿಗೆ ಹೋಗಿ ಗಾಡಿಯನ್ನು ನಿನ್ನ ಹೆಸರಿಗೆ ಮಾಡಿಸಿಕೊ, ಕೋಗಿಲಮ್ಮ. ನಾನೂ ಬಂದು ಸಹಿ ಹಾಕುತ್ತೇನೆ,” ಎಂದಿತು ಕಾಗೆ.

“ಅಯ್ಯೋ, ನಿಮ್ಮ ಹೆಸರಲ್ಲೇ ಇರಲಿ ಕಾಗಣ್ಣ. ನಾವೇನು ಬೇರೆಯವರೇ?” ಎಂದಿತು ಕೋಗಿಲೆ. ಮೊಟ್ಟೆಗಳನ್ನೇ ಕಾಗೆಯ ಗೂಡಿನಲ್ಲಿಟ್ಟು ಹಾಡಿಕೊಂಡು ತಿರುಗಿದ ತನಗೆ, ಒಂದು ಸ್ಕೂಟರಿಗಾಗಿ ಕ್ಯೂ ನಿಲ್ಲುವ ಕರ್ಮ ಯಾಕೆ ಎಂಬುದು ಅದರ ಒಳಗಿನ ಮಾತು.

ಅಂದಿನಿಂದ ಕೋಗಿಲೆ ಸಿಗ್ನಲ್ ಜಂಪ್ ಮಾಡಿದ್ದಕ್ಕೆಲ್ಲ ದಂಡ ಕಾಗೆಯ ಗೂಡಿಗೆ ಬಂತು. ಕೋಗಿಲೆಯ ಹಾಡು ಇನ್ನಷ್ಟು ಇಂಪಾಯಿತು.

ಒಂದು ದಿನ ಕೋಗಿಲೆ ಬೀಗದಕೈಯನ್ನೂ ಗಾಡಿಯಲ್ಲೇ ಬಿಟ್ಟು ಅಡ್ಡಾದಿಡ್ಡಿ ನಿಲ್ಲಿಸಿದ್ದ ಸ್ಕೂಟರನ್ನು ಪೊಲೀಸ್ ನಾಯಿ ಠಾಣೆಗೆ ಎಳೆದೊಯ್ದು ಕಾಗೆಯನ್ನು ಕರೆಸಿತು. ಕೋಗಿಲೆಯೂ ಹಾರಿ ಬಂದು, “ಅದು ನನ್ನದು! ಪೂಜೆ ಮಾಡಿಸಿದ್ದೇ ನಾನು!” ಎಂದು ಕೂಗಾಡಿತು.

“ಹಾಗಾದರೆ ಆ ಒಣಗಿದ ಹಾರ ಬಿಚ್ಚಿಕೊಂಡು ಹೊರಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಗಾಡಿ ಅವರದು,” ಎಂದ ನಾಯಿ, ಬೀಗದಕೈಯನ್ನು ಕಾಗೆಗೆ ಕೊಟ್ಟಿತು.

“ಕಾಗಣ್ಣ, ನೀವಾದರೂ ನಿಜ ಹೇಳಿ!” ಎಂದು ಕೋಗಿಲೆ ಗೋಗರೆಯಿತು.

ಕಾಗೆ ಸ್ಕೂಟರಿಗೆ ಕಿಕ್ ಹೊಡೆಯಿತು. “ನೀನು ನನ್ನ ಪಾಲಿಗೆ ಬಿಟ್ಟು ಹೋದದ್ದನ್ನೆಲ್ಲ ನಾನೇ ತಾನೇ ಸಾಕಿದ್ದು, ಕೋಗಿಲಮ್ಮ? ಇದನ್ನೂ ಸಾಕಿಕೊಳ್ಳುತ್ತೇನೆ ಬಿಡು.”